ಹಳೇ ಸಿಜೆ-3ಬಿ ಜೀಪು: ಕೇಬಲ್ ಹೊಸದು ಹಾಕಿದರೂ ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ

ತೋಟದ_ಜೀಪು (ಮೂಡಿಗೆರೆ ಕಡೆ)

ನಮ್ಮ ಮನೆಯಲ್ಲಿ 1967ರ ಮಹೀಂದ್ರ ಸಿಜೆ-3ಬಿ ಇದೆ. ಪೆಟ್ರೋಲ್ ಇಂಜಿನ್, ಎತ್ತರದ ಬಾನೆಟ್, ನಂಬರ್ ಇನ್ನೂ ಎಂವೈ ಎಂದೇ ಶುರುವಾಗುತ್ತದೆ. ಅಪ್ಪ ತೋಟಕ್ಕೆ ಓಡಿಸುತ್ತಿದ್ದರು, ಈಗ ನಾನು ಓಡಿಸುತ್ತೇನೆ. ಇಂಜಿನ್ ಚೆನ್ನಾಗಿದೆ, ಕಾಲಿನ ಬ್ರೇಕ್ ಚೆನ್ನಾಗಿದೆ. ಹ್ಯಾಂಡ್ ಬ್ರೇಕ್ ಮಾತ್ರ ಸತ್ತುಹೋಗಿದೆ.

ಡ್ಯಾಶ್ ಕೆಳಗಿನ ಹಿಡಿಯನ್ನು ಪೂರ್ತಿ ಎಳೆದರೂ ಜೀಪು ನಿಲ್ಲುವುದಿಲ್ಲ. ನಮ್ಮ ಕಣದ ಹತ್ತಿರ ಸಣ್ಣ ಇಳಿಜಾರು ಇದೆ, ಅಲ್ಲಿ ಮೂಟೆ ತುಂಬುವಾಗ ನಿಧಾನಕ್ಕೆ ಜಾರುತ್ತದೆ. ಖಾಲಿ ಇದ್ದಾಗ ಹೇಗೋ ನಿಲ್ಲುತ್ತದೆ, ಭಾರ ಬಿದ್ದ ಮೇಲೆ ಇಲ್ಲ. ಹಿಂದೆ ಯಾವಾಗಲೂ ಒಂದು ಕಲ್ಲು ಇಟ್ಟುಕೊಂಡೇ ಓಡಾಡುತ್ತಿದ್ದೇನೆ, ಇಳಿದ ಕೂಡಲೇ ಚಕ್ರಕ್ಕೆ ಕಲ್ಲು ಕೊಡುವುದೇ ಕೆಲಸದ ಹುಡುಗನ ಮೊದಲ ಡ್ಯೂಟಿ.

ಕೇಬಲ್ ಹಳೆಯದಾಗಿ ಎಳೆಗಳು ಬಿಟ್ಟುಕೊಂಡಿದ್ದವು. ಹೊಸದು ಮಾಡಿಸಿ ಹಾಕಿಸಿದೆ. ಎಳೆಯೋದು ಈಗ ಸಲೀಸು, ಆದರೆ ಹಿಡಿತ ಮೊದಲಿನಷ್ಟೇ. ಒಬ್ಬ ಮೆಕ್ಯಾನಿಕ್ ಇದನ್ನು ಕಿತ್ತು ಬಿಸಾಕಿ, ಬೇರೆ ಗಾಡಿಯ ಹಿಂದಿನ ಆಕ್ಸೆಲ್ ಕೂರಿಸಿ, ಚಕ್ರಕ್ಕೇ ಹ್ಯಾಂಡ್ ಬ್ರೇಕ್ ಕೊಡೋಣ ಎನ್ನುತ್ತಾರೆ. ಇನ್ನೊಬ್ಬರು ಗೇರ್‌ನಲ್ಲಿ ಬಿಟ್ಟರೆ ಸಾಕು, ಇದಕ್ಕೆಲ್ಲ ದುಡ್ಡು ಯಾಕೆ ಸುರಿತೀರಾ ಎನ್ನುತ್ತಾರೆ. ಆರ್‌ಸಿ ರಿನ್ಯೂವಲ್ ಬೇರೆ ಹತ್ತಿರ ಬಂತು, ಇನ್ಸ್‌ಪೆಕ್ಟರ್ ಎಳೆದು ನೋಡದೆ ಬಿಡುವುದಿಲ್ಲ.

ಇನ್ನೊಂದು ವಿಷಯ. ಜೀಪಿನ ನಟ್ಟನಡುವೆ ಕೆಳಗೆ ಆಯಿಲ್ ತೊಟ್ಟಿಕ್ಕುತ್ತದೆ. ಅದು ಮೊದಲಿಂದಲೂ ಇದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹಾಸನ_ಸ್ಪ್ಯಾನರ್

ಸಂಬಂಧ ಇದೆ ಸಾರ್. ಪೂರ್ತಿ ಸಂಬಂಧ ಅದಕ್ಕೇ ಇದೆ, ಕೇಬಲ್‌ಗೆ ಅಲ್ಲ.

ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇಲ್ಲ. ಕಾರು ನೋಡಿ ಅಭ್ಯಾಸ ಆದ ಮೆಕ್ಯಾನಿಕ್‌ಗಳು ಹಿಂದಿನ ಚಕ್ರ ಬಿಚ್ಚಿ ಹುಡುಕುತ್ತಾ ಕೂರುತ್ತಾರೆ. ಕೆಳಗೆ ಮಲಗಿ ನೋಡಿ. ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಇದೆ, ಇಂಜಿನ್ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಗೇರ್ ಡಬ್ಬಿ. ಅದರಿಂದ ಹಿಂದಿನ ಆಕ್ಸೆಲ್‌ಗೆ ಹೋಗುವ ಉದ್ದ ಪ್ರಾಪೆಲ್ಲರ್ ಶಾಫ್ಟ್ ಹೊರಡುವ ಜಾಗದಲ್ಲೇ ಸುಮಾರು 6 ಇಂಚಿನ ಒಂದು ಸಣ್ಣ ಡ್ರಮ್ ಕೂತಿರುತ್ತದೆ. ಅದರೊಳಗೆ ಎರಡು ಶೂ, ಅಂದರೆ ಡ್ರಮ್‌ಗೆ ಒತ್ತಿ ಹಿಡಿಯುವ ಬಾಗಿದ ತಟ್ಟೆಗಳು. ನೀವು ಹಿಡಿ ಎಳೆದಾಗ ನಿಲ್ಲುವುದು ಶಾಫ್ಟ್, ಶಾಫ್ಟ್ ನಿಂತರೆ ಚಕ್ರ ನಿಲ್ಲುತ್ತದೆ. ಇಷ್ಟು ಸಣ್ಣ ಡ್ರಮ್ ಇಡೀ ಜೀಪನ್ನು ಹೇಗೆ ಹಿಡಿಯುತ್ತದೆ ಅಂದರೆ ಮಧ್ಯೆ ಆಕ್ಸೆಲ್ ಒಳಗಿನ ಗೇರ್ ಜೋಡಿ, ಕ್ರೌನ್-ಪಿನಿಯನ್, ಇದೆ. ಇದರ ಮೂಲ ಅಮೆರಿಕನ್ ಕಂಪನಿ ವಿಲ್ಲಿಸ್‌ನ ಸಿಜೆ-3ಬಿಯಲ್ಲಿ ಆ ರೇಶಿಯೊ 5.38. ಶಾಫ್ಟ್ ಐದು ಸುತ್ತಿಗಿಂತ ಜಾಸ್ತಿ ತಿರುಗಿದರೆ ಚಕ್ರ ಒಂದು ಸುತ್ತು. ಹಾಗಾಗಿ ಡ್ರಮ್‌ನಲ್ಲಿ ಸಿಕ್ಕ ಹಿಡಿತ ಚಕ್ರದ ಹತ್ತಿರ ಅಷ್ಟು ಪಟ್ಟು ಆಗುತ್ತದೆ. ಸರಿಯಾಗಿದ್ದರೆ ಇದು ಚಕ್ರದ ಹ್ಯಾಂಡ್ ಬ್ರೇಕ್‌ಗಿಂತ ಗಟ್ಟಿ. ನಿಮ್ಮ ಅಪ್ಪನ ಕಾಲದಲ್ಲಿ ಹಿಡಿಯುತ್ತಿತ್ತೋ ಇಲ್ಲವೋ ಅವರನ್ನೇ ಕೇಳಿ ನೋಡಿ.

ಈಗ ಆಯಿಲ್ ವಿಷಯ. ಡ್ರಮ್ ಮತ್ತು ಟ್ರಾನ್ಸ್‌ಫರ್ ಕೇಸ್ ನಡುವೆ ಒಂದು ಆಯಿಲ್ ಸೀಲ್ ಇದೆ. ಅದು ಹೋದರೆ ಒಳಗಿನ 90 ನಂಬರ್ ಗೇರ್ ಆಯಿಲ್ ನೇರವಾಗಿ ಶೂ ಮೇಲೆ ಬರುತ್ತದೆ. ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಆಯಿಲ್ ಕುಡಿದು ಬೆಣ್ಣೆ ಸವರಿದ ಹಾಗೆ ಆಗಿರುತ್ತದೆ. ಆಮೇಲೆ ಕೇಬಲ್ ಚಿನ್ನದ್ದೇ ಹಾಕಿದರೂ ಉಪಯೋಗ ಇಲ್ಲ. ನನ್ನ ಹತ್ತಿರ ಬರುವ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯಲ್ಲ ಅಂದರೆ ಹೆಚ್ಚಿನ ಸಲ ಇದೇ ಕಥೆ.

ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬರು ಹಿಡಿ ಎಳೆಯಲಿ, ನೀವು ಕೆಳಗೆ ನೋಡಿ. ಬ್ರೇಕ್‌ನ ಲಿವರ್ ಪೂರ್ತಿ ಚಲಿಸುತ್ತಿದೆಯಾ? ಚಲಿಸದಿದ್ದರೆ ಕೇಬಲ್‌ನ ಹೊರ ಕವಚ ಜಾರುತ್ತಿದೆ ಅಥವಾ ಕ್ಲಾಂಪ್ ಸಡಿಲ. ಹಿಡಿ ತಾನಾಗಿ ವಾಪಸ್ ಹೋಗುತ್ತಿದ್ದರೆ ಅದರ ರ‍್ಯಾಚೆಟ್ ಹಲ್ಲು ಸವೆದಿದೆ. ಲಿವರ್ ಪೂರ್ತಿ ಬಂದೂ ಹಿಡಿತ ಇಲ್ಲದಿದ್ದರೆ ತೊಂದರೆ ಡ್ರಮ್ ಒಳಗೇ ಇದೆ. ಡ್ರಮ್ ಕೆಳಗಿನ ಅಂಚಿನಲ್ಲಿ ಬೆರಳಾಡಿಸಿ. ಕಪ್ಪು ಅಂಟು ಸಿಕ್ಕರೆ ಮುಗಿಯಿತು.

ಗೇರ್‌ನಲ್ಲಿ ಬಿಟ್ಟರೆ ಸಾಕು ಅಂದವರಿಗೆ ಒಂದು ಮಾತು ಹೇಳಿ. ಈ ಜೀಪಿನ ಟ್ರಾನ್ಸ್‌ಫರ್ ಕೇಸ್‌ಗೆ ಅದರದ್ದೇ ನ್ಯೂಟ್ರಲ್ ಇದೆ. ಅದರ ಲಿವರ್‌ಗೆ ಯಾರದೋ ಮೊಣಕಾಲು ತಾಗಿ ನ್ಯೂಟ್ರಲ್‌ಗೆ ಬಂದರೆ ನೀವು ಗೇರ್‌ಬಾಕ್ಸ್‌ನಲ್ಲಿ ಯಾವ ಗೇರ್ ಹಾಕಿದ್ದರೂ ಒಂದೇ, ಜೀಪು ಹೋಗುತ್ತಾ ಇರುತ್ತದೆ. ಆಗ ಹಿಡಿಯುವುದು ಹ್ಯಾಂಡ್ ಬ್ರೇಕ್ ಒಂದೇ.

ಕಾವೇರಿತೀರ (ಮಡಿಕೇರಿ)

ಮೇಲಿನವರು ಹೇಳಿದ್ದು ಸರಿ. ಅದರ ಜೊತೆ ಒಂದು ಅಪಾಯ ಗೊತ್ತಿರಲಿ. ಇಳಿಜಾರಿನಲ್ಲಿ ಜೀಪು ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ್ದು.

ಬ್ರೇಕ್ ಇರುವುದು ಶಾಫ್ಟ್‌ನಲ್ಲಿ. ಶಾಫ್ಟ್‌ಗೂ ಚಕ್ರಕ್ಕೂ ಮಧ್ಯೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫ್ರೆನ್ಷಿಯಲ್ ಇದೆ ಅಲ್ವಾ? ಶಾಫ್ಟ್ ನಿಂತಿದ್ದರೂ ಒಂದು ಚಕ್ರ ಮುಂದೆ ತಿರುಗಿದರೆ ಇನ್ನೊಂದು ಅಷ್ಟೇ ಹಿಂದೆ ತಿರುಗಬಹುದು. ಎರಡೂ ಚಕ್ರ ನೆಲದಲ್ಲಿ ಗಟ್ಟಿಯಾಗಿ ಕೂತಿದ್ದರೆ ಅದು ಆಗುವುದಿಲ್ಲ. ಆದರೆ ಇಳಿಜಾರಿನಲ್ಲಿ ಪಂಕ್ಚರ್ ಆಗಿ ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟಿರೋ, ಎತ್ತಿದ ಚಕ್ರ ಗಾಳಿಯಲ್ಲಿ ಹಿಂದಕ್ಕೆ ತಿರುಗುತ್ತದೆ, ನೆಲದಲ್ಲಿರುವ ಚಕ್ರ ಉರುಳುತ್ತದೆ, ಜೀಪು ಜಾಕ್ ಮೇಲಿಂದ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಹೊಸದಾಗಿದ್ದರೂ ಇದು ಆಗುತ್ತದೆ, ಗೇರ್ ಹಾಕಿದ್ದರೂ ಆಗುತ್ತದೆ. ಮಳೆಗಾಲದಲ್ಲಿ ಒಂದು ಚಕ್ರ ಕೆಸರಿನಲ್ಲಿ, ಒಂದು ಕಲ್ಲಿನ ಮೇಲೆ ಇದ್ದಾಗಲೂ ಇದೇ. ಕೆಸರಿನ ಚಕ್ರ ಜಾರಿದರೆ ಬ್ರೇಕ್ ಇದ್ದೂ ಇಲ್ಲದ ಹಾಗೆ.

ಇದಕ್ಕೆ ನಾವು ಮಾಡುವುದು ಇಷ್ಟೇ. ಏರು-ಇಳಿಜಾರಿನಲ್ಲಿ ನಿಲ್ಲಿಸುವಾಗ ಫೋರ್ ವೀಲ್ ಹಾಕಿ ನಿಲ್ಲಿಸುತ್ತೇವೆ. ಆಗ ಮುಂದಿನ ಶಾಫ್ಟ್ ಕೂಡ ಹಿಂದಿನದರ ಜೊತೆ ಕಟ್ಟಿಕೊಳ್ಳುತ್ತದೆ, ಅದೇ ಡ್ರಮ್ ನಾಲ್ಕೂ ಚಕ್ರ ಹಿಡಿಯುತ್ತದೆ. ಮುಂದಿನ ಚಕ್ರಕ್ಕೆ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸೆಲ್‌ನಿಂದ ಬಿಡಿಸುವ ಹಬ್) ಹಾಕಿಸಿದ್ದರೆ ಅದನ್ನು ಲಾಕ್ ಮಾಡಿರಬೇಕು, ಇಲ್ಲದಿದ್ದರೆ ಸುಮ್ನೆ ಲಿವರ್ ಎಳೆದ ಹಾಗೆ. ಲೋ ಗೇರ್‌ಗೆ ಹಾಕಿ ಫಸ್ಟ್‌ನಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು.

ಕಲ್ಲು ಕೊಡುವ ಹುಡುಗನ ಕೆಲಸ ಮಾತ್ರ ತೆಗೆಯಬೇಡಿ. ಬ್ರೇಕ್ ಸರಿಯಾದ ಮೇಲೂ.

ಕೆಎ05_ಗೇರ್‌ಹೆಡ್ (ಬೆಂಗಳೂರು)

ಇಷ್ಟೆಲ್ಲ ಯಾಕೆ ಬ್ರೋ? ಲೈನ್ ಲಾಕ್ ಹಾಕಿಸಿ. ಬ್ರೇಕ್ ಪೈಪ್ ಮಧ್ಯೆ ಒಂದು ವಾಲ್ವ್ ಬರುತ್ತದೆ. ಕಾಲಿನ ಬ್ರೇಕ್ ಒತ್ತಿ, ವಾಲ್ವ್ ಮುಚ್ಚಿದರೆ ನಾಲ್ಕು ಚಕ್ರವೂ ಹಿಡಿದುಕೊಂಡಿರುತ್ತದೆ. ಆಫ್‌ರೋಡ್ ಮಾಡುವ ಹುಡುಗರು ಎಷ್ಟೋ ಜನ ಹಾಕಿದ್ದಾರೆ. ಟ್ರಾನ್ಸ್‌ಫರ್ ಕೇಸ್ ಮುಟ್ಟುವುದೇ ಬೇಡ.

ಹಾಸನ_ಸ್ಪ್ಯಾನರ್

ಅದು ಪಾರ್ಕಿಂಗ್ ಬ್ರೇಕ್ ಅಲ್ಲ ತಮ್ಮ. ಏರಿನಲ್ಲಿ ಎರಡು ನಿಮಿಷ ನಿಲ್ಲಿಸಿಕೊಳ್ಳೋಕೆ ಸರಿ, ಬಿಟ್ಟು ಮನೆಗೆ ಹೋಗೋಕೆ ಅಲ್ಲ. ಬ್ರೇಕ್ ಆಯಿಲ್ ಒತ್ತಡದ ಮೇಲೆ ನಿಂತಿರುತ್ತದೆ. ಚಕ್ರದ ಶೂಗಳನ್ನು ತಳ್ಳುವ ಯಾವುದೋ ವೀಲ್ ಸಿಲಿಂಡರ್ ಒಂದು ತೊಟ್ಟು ಬಿಟ್ಟರೂ ಒತ್ತಡ ಇಳಿಯುತ್ತದೆ. ಹಳೇ ಜೀಪಿನ ವೀಲ್ ಸಿಲಿಂಡರ್ ಮೇಲೆ ರಾತ್ರಿಯಿಡೀ ನಂಬಿಕೆ ಇಡೋಕೆ ನಾನಂತೂ ತಯಾರಿಲ್ಲ.

ಕಾನೂನು ಕೂಡ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮದ 96ನೇ ನಿಯಮ ನೋಡಿ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಬ್ರೇಕ್ ಇರಬೇಕು, ಒಂದು ಪಾರ್ಕಿಂಗ್ ಬ್ರೇಕ್, ಒಂದು ಕಾಲಿನದು. ಲೈನ್ ಲಾಕ್ ಕಾಲಿನ ಬ್ರೇಕ್‌ನ ಪೈಪ್‌ಗೇ ಜೋತುಬಿದ್ದಿದೆ. ಪೈಪ್ ಒಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಹಳೇ ಹ್ಯಾಂಡ್ ಬ್ರೇಕ್ ಇಟ್ಟುಕೊಂಡು ಅದರ ಜೊತೆಗೆ ಹಾಕಿಸಿಕೊಳ್ಳುವುದಾದರೆ ನನ್ನ ತಕರಾರಿಲ್ಲ.

ಕೆಎ05_ಗೇರ್‌ಹೆಡ್ (ಬೆಂಗಳೂರು)

ಸರಿ ಸರಿ, ಒಪ್ಪಿದೆ. ಆಕ್ಸೆಲ್ ಬದಲಾಯಿಸುವುದು ಹೇಗೆ?

ಹಾಸನ_ಸ್ಪ್ಯಾನರ್

ಒಂದು ಆಯಿಲ್ ಸೀಲ್‌ಗೋಸ್ಕರ ಆಕ್ಸೆಲ್ ಬದಲಾಯಿಸುವುದಾ? ಅಗಲ ಹೊಂದಬೇಕು, ಸ್ಪ್ರಿಂಗ್ ಪಟ್ಟಿ ಕೂರುವ ಜಾಗ ಹೊಂದಬೇಕು, ಹಿಂದಿನ ರೇಶಿಯೊ ಮುಂದಿನದಕ್ಕೆ ಹೊಂದಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ದಿನ ಟ್ರಾನ್ಸ್‌ಫರ್ ಕೇಸ್ ಪುಡಿ. ಇಷ್ಟು ಮಾಡಿದ ಮೇಲೂ ಆಯಿಲ್ ಸೋರುವುದು ಹಾಗೇ ಇರುತ್ತದೆ. ಅದನ್ನು ಹೇಳಿದ ಮೆಕ್ಯಾನಿಕ್‌ಗೆ ಕೆಲಸ ಬೇಕಾಗಿತ್ತು ಅಂತ ಕಾಣುತ್ತದೆ.

ಸೋಲಿಹಲ್_ಕನ್ನಡಿಗ (ಇಂಗ್ಲೆಂಡ್)

ಓದಿ ಖುಷಿಯಾಯಿತು. ನನ್ನ ಹತ್ತಿರ ಹಳೇ ಲ್ಯಾಂಡ್ ರೋವರ್ ಸೀರೀಸ್ 3 ಇದೆ, ಅದರಲ್ಲೂ ಇದೇ ಪದ್ಧತಿ. ಟ್ರಾನ್ಸ್‌ಫರ್ ಬಾಕ್ಸ್ ಹಿಂದೆ ಡ್ರಮ್. ನಮ್ಮೂರ ಪಕ್ಕದಲ್ಲೇ 2016ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಲ್ಯಾಂಡ್ ರೋವರ್‌ನ ಹಳೇ ಡಿಫೆಂಡರ್‌ವರೆಗೂ ಅವರು ಅದನ್ನು ಬಿಡಲಿಲ್ಲ. ರೋಗವೂ ಅದೇ, ಸೀಲ್ ಹೋಗಿ ಶೂ ಆಯಿಲ್‌ನಲ್ಲಿ ಮುಳುಗುವುದು.

ಎರಡು ಮಾತು. ಓಡುವಾಗ ಈ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಕಾಲಿನ ಬ್ರೇಕ್ ಪೂರ್ತಿ ಹೋದ ತುರ್ತು ಹೊತ್ತಿನಲ್ಲಿ ಬಿಟ್ಟರೆ. ಶಾಫ್ಟ್ ಒಮ್ಮೆಲೇ ಕಟ್ಟಿಬಿಡುತ್ತದೆ. ಕ್ರಾಸ್ (ಶಾಫ್ಟ್ ತುದಿಯ ಕೀಲು), ಪಿನಿಯನ್, ಆಕ್ಸೆಲ್ ಶಾಫ್ಟ್ ಯಾವುದು ಬೇಕಾದರೂ ಮುರಿಯಬಹುದು. ಎರಡನೆಯದು, ಇಲ್ಲಿ ವರ್ಷದ ಎಂಒಟಿ ತಪಾಸಣೆಯಲ್ಲಿ ಶಾಫ್ಟ್ ಮೇಲೆ ಹ್ಯಾಂಡ್ ಬ್ರೇಕ್ ಇರುವ ಗಾಡಿಯ ಆ ಬ್ರೇಕನ್ನು ರೋಲರ್ ಮೇಲೆ ಪರೀಕ್ಷಿಸುವುದಿಲ್ಲ. ಅದಕ್ಕೆ ಬೇರೆ ವಿಧಾನ ಇದೆ. ನಿಮ್ಮ ಕಡೆ ಯಾರಾದರೂ ರೋಲರ್ ಯಂತ್ರಕ್ಕೆ ಹತ್ತಿಸಿದರೆ ಹ್ಯಾಂಡ್ ಬ್ರೇಕ್ ಎಲ್ಲಿದೆ ಎಂದು ಮೊದಲೇ ಹೇಳಿಬಿಡಿ.

ಮೈಸೂರು_ಮೈನರ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಮಾರಿಸ್ ಮೈನರ್ 1000 ಕಾರು. ಅದರ ಹ್ಯಾಂಡ್ ಬ್ರೇಕೂ ಒಂದು ಕಡೆ ಮಾತ್ರ ಹಿಡಿಯುತ್ತದೆ. ಅದಕ್ಕೂ ಇದೇನಾ?

ಹಾಸನ_ಸ್ಪ್ಯಾನರ್

ಇಲ್ಲ ಸಾರ್, ಅದು ಬೇರೆ ಜಾತಿ. ಮೈನರ್‌ಗೆ ಹಿಂದಿನ ಎರಡು ಚಕ್ರಕ್ಕೆ ಎರಡು ಬೇರೆ ಬೇರೆ ಕೇಬಲ್. ಲಿವರ್ ಬುಡದಲ್ಲಿ ಪ್ರತಿಯೊಂದಕ್ಕೂ ಅದರದ್ದೇ ಅಡ್ಜಸ್ಟಿಂಗ್ ನಟ್. ಆದರೆ ನಟ್ ಮುಟ್ಟುವ ಮೊದಲು ಚಕ್ರ ಬಿಚ್ಚಿ ನೋಡಿ. ಅದರ ಹಿಂದಿನ ವೀಲ್ ಸಿಲಿಂಡರ್ ಪ್ಲೇಟ್‌ನಲ್ಲಿ ಹಿಂದೆ ಮುಂದೆ ಜಾರಬೇಕು, ಹ್ಯಾಂಡ್ ಬ್ರೇಕ್ ಕೆಲಸ ಮಾಡುವುದೇ ಆ ಜಾರಾಟದಿಂದ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಹಿಡಿಯದ ಕಡೆ ಅದೇ ಆಗಿರಬಹುದು. ಬಿಡಿಸಿ, ಸ್ವಚ್ಛ ಮಾಡಿ, ಬ್ರೇಕ್ ಗ್ರೀಸ್ ತೆಳುವಾಗಿ ಹಚ್ಚಿ. ಆಮೇಲೆ ಡ್ರಮ್ ತೂತಿನಿಂದ ಶೂ ಅಡ್ಜಸ್ಟ್ ಮಾಡಿ. ಕೇಬಲ್ ನಟ್ ಕೊನೆಯದು. ಹೆಚ್ಚಿನವರು ಮೊದಲು ಅದನ್ನೇ ಬಿಗಿದು ಬಿಡುತ್ತಾರೆ. ನಿಮ್ಮದಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಜೀಪಿನವರಿಗೆ ಗೊಂದಲ ಬೇಡ.

ತೋಟದ_ಜೀಪು (ಮೂಡಿಗೆರೆ ಕಡೆ)

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬಿಚ್ಚಿದೆವು. ಹಾಸನದವರು ಹೇಳಿದ್ದೇ ನಿಜ. ಡ್ರಮ್ ತೆಗೆದ ಕೂಡಲೇ ಒಳಗಿಂದ ಕಪ್ಪು ಆಯಿಲ್ ಸುರಿಯಿತು. ಶೂ ಎರಡೂ ನೆನೆದು ಹೊಳೆಯುತ್ತಿವೆ. ಲೈನಿಂಗ್ ಸವೆದಿಲ್ಲ, ಇನ್ನೂ ದಪ್ಪ ಇದೆ. ಸೀಲ್‌ನ ತುಟಿ ಕಲ್ಲಿನ ಹಾಗೆ ಗಟ್ಟಿ. ಸೀಲ್ ಉಜ್ಜುವ ಜಾಗದಲ್ಲಿ ಯೋಕ್ (ಪ್ರಾಪೆಲ್ಲರ್ ಶಾಫ್ಟ್ ಜೋಡಿಸುವ ಕವೆ) ಮೇಲೆ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದೆ.

ಪ್ರಶ್ನೆಗಳು. ಲೈನಿಂಗ್ ದಪ್ಪ ಇರುವುದರಿಂದ ಪೆಟ್ರೋಲ್‌ನಲ್ಲಿ ತೊಳೆದು ಅದನ್ನೇ ಹಾಕಬಹುದಾ? ನಮ್ಮ ಮೆಕ್ಯಾನಿಕ್ ಬ್ಲೋ ಲ್ಯಾಂಪ್ ಹಿಡಿದು ಆಯಿಲ್ ಸುಡುತ್ತೇನೆ ಎನ್ನುತ್ತಿದ್ದಾರೆ. ಗೆರೆ ಬಿದ್ದ ಯೋಕ್ ಎಸೆಯಬೇಕಾ?

ಹಾಸನ_ಸ್ಪ್ಯಾನರ್

ತೊಳೆಯುವುದೂ ಬೇಡ, ಸುಡುವುದೂ ಬೇಡ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಬೆವರುತ್ತದೆ. ಇನ್ನೊಂದು, ಅದು ಹಳೇ ಲೈನಿಂಗ್ ಆಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಕೆರೆಯಬೇಡಿ, ಗಾಳಿ ಹೊಡೆಯಬೇಡಿ, ಸುಡುವುದಂತೂ ಬೇಡವೇ ಬೇಡ. ಡ್ರಮ್ ಒಳಗಿನ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಕವರ್‌ನಲ್ಲಿ ಕಟ್ಟಿ ಎಸೆಯಿರಿ.

ಶೂ ತಟ್ಟೆ ಮಾತ್ರ ಜೋಪಾನ. ಬ್ರೇಕ್ ಲೈನಿಂಗ್ ಹೊಡೆಯುವ ಅಂಗಡಿಗೆ ಅದನ್ನೂ ಡ್ರಮ್ಮನ್ನೂ ಎರಡನ್ನೂ ಕೊಡಿ. ಹಳೇ ಲೈನಿಂಗ್ ತೆಗೆದು, ಹೊಸದು ರಿವೆಟ್ ಹೊಡೆದು, ಡ್ರಮ್‌ಗೆ ಹೊಂದುವ ಹಾಗೆ ಅದರ ಬಾಗು ತಿಕ್ಕಿ ಕೊಡುತ್ತಾರೆ. ರಿವೆಟ್ ತಲೆ ಲೈನಿಂಗ್ ಮೇಲ್ಮೈಗಿಂತ ಚೆನ್ನಾಗಿ ಒಳಗೆ ಕೂತಿರಬೇಕು, ಬೆರಳಾಡಿಸಿ ನೋಡಿ ತಗೊಳ್ಳಿ. ಹೊರಗೆ ಬಂದಿದ್ದರೆ ಡ್ರಮ್ ಗೀಚುತ್ತದೆ.

ಯೋಕ್ ಎಸೆಯಬೇಡಿ. ಮೂರು ದಾರಿ ಇದೆ. ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೆ ಅಥವಾ ಹೊರಗೆ ಕೂರಿಸಿದರೆ ತುಟಿ ಹೊಸ ಜಾಗದಲ್ಲಿ ಉಜ್ಜುತ್ತದೆ, ಜಾಗ ಇದ್ದರೆ ಇದೇ ಅಗ್ಗ. ಇಲ್ಲದಿದ್ದರೆ ಗೆರೆಯ ಮೇಲೆ ತೆಳುವಾದ ಸ್ಟೀಲ್ ಸ್ಲೀವ್ ಹೊಡೆಯುತ್ತಾರೆ. ಅದೂ ಸಿಗದಿದ್ದರೆ ಲೇತ್‌ನವರು ವೆಲ್ಡ್ ತುಂಬಿಸಿ ಮತ್ತೆ ಟರ್ನಿಂಗ್ ಮಾಡುತ್ತಾರೆ. ಏನೂ ಮಾಡದೆ ಹೊಸ ಸೀಲ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇಲ್ಲೇ ಬರುತ್ತೀರಿ.

ಸೀಲ್ ಹಾಕುವ ಮೊದಲು ಆ ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ಇದು ಮುಖ್ಯ. ಬೇರಿಂಗ್ ಸವೆದು ಶಾಫ್ಟ್ ಕುಣಿಯುತ್ತಿದ್ದರೆ ಯಾವ ಸೀಲೂ ಬಾಳುವುದಿಲ್ಲ. ಹಿಂದಿನ ಕ್ಯಾಪ್ ಕೆಳಗೆ ತೆಳು ಶಿಮ್‌ಗಳು ಇರುತ್ತವೆ, ಶಾಫ್ಟ್‌ನ ಹಿಂದೆ ಮುಂದಿನ ಆಟವನ್ನು ಅವುಗಳಲ್ಲೇ ಹೊಂದಿಸುವುದು. ಕ್ಯಾಪ್ ಬಿಚ್ಚಿದರೆ ಒಂದೂ ಕಳೆದುಹೋಗದ ಹಾಗೆ ನೋಡಿಕೊಳ್ಳಿ. ಸ್ಪೀಡೋಮೀಟರ್ ಗೇರ್ ಕೂಡ ಅಲ್ಲೇ ಇದೆ.

ಆಯಿಲ್ ಸೀಲ್‌ನಿಂದ ಮಾತ್ರ ಬರುವುದಿಲ್ಲ, ಯೋಕ್‌ನ ಒಳಗಿನ ಹಲ್ಲುಗಳ ಸಂದಿನಿಂದಲೂ ನಟ್ ಹತ್ತಿರ ಬರುತ್ತದೆ. ಅಲ್ಲಿ ಸ್ವಲ್ಪ ಸಿಲಿಕಾನ್ ಸೀಲಂಟ್ ಹಚ್ಚಿ ಕೂರಿಸಿ. ನಟ್ ಬಿಗಿದು ಕಾಟರ್ ಪಿನ್ ಹೊಸದೇ ಹಾಕಿ. ಟ್ರಾನ್ಸ್‌ಫರ್ ಕೇಸ್‌ನ ಗಾಳಿ ಹೋಗುವ ಬ್ರೀದರ್ ಮಣ್ಣು ತುಂಬಿ ಮುಚ್ಚಿದ್ದರೆ ಬಿಸಿಯಾದಾಗ ಒಳಗೆ ಒತ್ತಡ ಆಗಿ ಹೊಸ ಸೀಲನ್ನೂ ದಾಟಿ ಆಯಿಲ್ ಬರುತ್ತದೆ, ಅದನ್ನು ತಂತಿ ಹಾಕಿ ಸ್ವಚ್ಛ ಮಾಡಿ. ಆಯಿಲ್ ಮಟ್ಟ ಗೇರ್‌ಬಾಕ್ಸ್‌ದೂ ಟ್ರಾನ್ಸ್‌ಫರ್ ಕೇಸ್‌ದೂ ಎರಡನ್ನೂ ನೋಡಿ, ಈ ಜೀಪುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಆಯಿಲ್ ಹರಿಯುವುದು ಮಾಮೂಲಿ. ಗೇರ್‌ಬಾಕ್ಸ್ ಖಾಲಿ, ಟ್ರಾನ್ಸ್‌ಫರ್ ತುಂಬಿ ತುಳುಕುವುದು ಎಷ್ಟೋ ನೋಡಿದ್ದೇನೆ.

ಕಾವೇರಿತೀರ (ಮಡಿಕೇರಿ)

ಪ್ರಾಪೆಲ್ಲರ್ ಶಾಫ್ಟ್ ಬಿಚ್ಚಿ ಇಟ್ಟಿದ್ದೀರಿ ಅಲ್ವಾ? ಹಾಗಾದರೆ ಈಗ ನಿಮ್ಮ ಜೀಪಿಗೆ ಹ್ಯಾಂಡ್ ಬ್ರೇಕೂ ಇಲ್ಲ, ಹಿಂದಿನ ಚಕ್ರಕ್ಕೆ ಗೇರೂ ಇಲ್ಲ. ಕಲ್ಲು ತೆಗೆಯಬೇಡಿ. ಶಾಫ್ಟ್ ವಾಪಸ್ ಜೋಡಿಸುವಾಗ ಅದರ ಜಾರುವ ತುದಿ ಮೊದಲು ಹೇಗಿತ್ತೋ ಹಾಗೇ ಬರಬೇಕು, ಎರಡು ಬಾಣದ ಗುರುತು ಎದುರುಬದುರು. ಒಂದು ಹಲ್ಲು ತಪ್ಪಿದರೂ ಓಡುವಾಗ ನಡುಗುತ್ತದೆ.

ಕೆಎ05_ಗೇರ್‌ಹೆಡ್ (ಬೆಂಗಳೂರು)

ಸೀಲ್, ರಿಟರ್ನ್ ಸ್ಪ್ರಿಂಗ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಜೀಪಿನ ಸಾಮಾನು ಇಡುವ ಅಂಗಡಿಗಳಲ್ಲಿ ವಿಚಾರಿಸಬಹುದು. ಹಳೇ ಸೀಲ್ ಜೇಬಲ್ಲಿ ಇಟ್ಟುಕೊಂಡು ಹೋಗಿ. ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಮೂರೂ ಹೊಂದಬೇಕು. ಸುಮ್ನೆ ಜೀಪ್ ಸೀಲ್ ಕೊಡಿ ಅಂದರೆ ಯಾವುದೋ ಒಂದು ಕೊಟ್ಟು ಕಳಿಸುತ್ತಾರೆ. ನನ್ನ ಲೈನ್ ಲಾಕ್ ಮಾತು ಮರೆತುಬಿಡಿ.

ತೋಟದ_ಜೀಪು (ಮೂಡಿಗೆರೆ ಕಡೆ)

ಜೋಡಿಸಿದ್ದಾಯಿತು. ಬೇರಿಂಗ್ ಚೆನ್ನಾಗಿತ್ತು, ಶಿಮ್ ಮುಟ್ಟಲಿಲ್ಲ. ಯೋಕ್‌ಗೆ ಹಾಸನದಲ್ಲೇ ಸ್ಲೀವ್ ಹೊಡೆಸಿದೆವು. ಬ್ರೀದರ್ ಪೂರ್ತಿ ಮುಚ್ಚಿಹೋಗಿತ್ತು, ಅದೇ ಮೂಲ ಕಾರಣ ಇರಬೇಕು. ಶೂ ಹೊಸ ಲೈನಿಂಗ್‌ನೊಂದಿಗೆ ಬಂದಿದೆ. ಈಗ ಅಡ್ಜಸ್ಟ್ ಮಾಡುವುದು ಹೇಗೆ? ಹಿಡಿ ಎಳೆದರೆ ಅರ್ಧಕ್ಕೇ ಗಟ್ಟಿಯಾಗುತ್ತದೆ, ಆದರೆ ಬಿಟ್ಟಾಗ ಡ್ರಮ್ ಸ್ವಲ್ಪ ಉಜ್ಜುತ್ತಿದೆ.

ಹಾಸನ_ಸ್ಪ್ಯಾನರ್

ಉಜ್ಜಬಾರದು. ಇದು ಚಕ್ರಕ್ಕಿಂತ ಐದು ಪಟ್ಟು ವೇಗ ತಿರುಗುವ ಡ್ರಮ್. ಸ್ವಲ್ಪ ಉಜ್ಜಿದರೂ ಕೆಲವೇ ಮೈಲಿಯಲ್ಲಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, ಆ ಬಿಸಿಗೆ ಹೊಸ ಸೀಲ್ ಮತ್ತೆ ಹಾಳು.

ಮೊದಲು ಹಿಡಿ ಪೂರ್ತಿ ಒಳಗೆ ತಳ್ಳಿ ಕೇಬಲ್ ಸಡಿಲ ಮಾಡಿಕೊಳ್ಳಿ. ಕೇಬಲ್ ಬಿಗಿ ಇಟ್ಟುಕೊಂಡು ಶೂ ಅಡ್ಜಸ್ಟ್ ಮಾಡಿದರೆ ಲೆಕ್ಕ ತಪ್ಪುತ್ತದೆ. ಡ್ರಮ್ ಮುಖದಲ್ಲಿ ತೂತುಗಳಿವೆ, ಅವು ಒಳಗಿನ ಹಲ್ಲಿನ ಚಕ್ರಗಳ ಎದುರು ಬರುವ ಹಾಗೆ ತಿರುಗಿಸಿ. ಸ್ಕ್ರೂಡ್ರೈವರ್ ತೂರಿಸಿ ಎರಡನ್ನೂ ಶೂ ಡ್ರಮ್‌ಗೆ ಬಿಗಿಯಾಗಿ ತಾಗುವವರೆಗೆ ತಿರುಗಿಸಿ. ಆಮೇಲೆ ವಿಲ್ಲಿಸ್ ಮ್ಯಾನುಯಲ್ ಹೇಳುವ ಹಾಗೆ ಎರಡನ್ನೂ 7 ಹಲ್ಲು ಹಿಂದಕ್ಕೆ ಬಿಡಿ. ಎರಡೂ ಒಂದೇ ಲೆಕ್ಕ. ಈಗ ಡ್ರಮ್ ಸಲೀಸಾಗಿ ತಿರುಗಬೇಕು. ಕೊನೆಗೆ ಕೇಬಲ್‌ನ ಸಡಿಲ ತೆಗೆಯಿರಿ, ಪೂರ್ತಿ ಬಿಗಿಯಬೇಡಿ.

ಒಂದಷ್ಟು ಓಡಿಸಿ ಬಂದು ಡ್ರಮ್ ಹತ್ತಿರ ಕೈ ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ. ಸುಟ್ಟ ವಾಸನೆ ಇದ್ದರೆ ಇನ್ನೊಂದು ಹಲ್ಲು ಬಿಡಿ.

ತೋಟದ_ಜೀಪು (ಮೂಡಿಗೆರೆ ಕಡೆ)

ಹಿಡಿಯುತ್ತಿದೆ! ಕಣದ ಇಳಿಜಾರಿನಲ್ಲಿ ಮೂಟೆ ತುಂಬಿ ನಿಲ್ಲಿಸಿದೆ, ಅಲ್ಲಾಡಲಿಲ್ಲ. ಅಪ್ಪ ಬಂದು ತಾವೇ ಒಮ್ಮೆ ಎಳೆದು ನೋಡಿ, ಏನೂ ಹೇಳದೆ ಹೋದರು. ನಮ್ಮ ಮನೆಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಒಂದೇ ಅನುಮಾನ. ಬ್ರೇಕ್ ಎಳೆದ ಮೇಲೂ ಕಾಲು ತೆಗೆದಾಗ ಜೀಪು ಒಂದು ಚೂರು ಹಿಂದೆ ಹೋಗಿ ಟಕ್ ಎಂದು ನಿಲ್ಲುತ್ತದೆ. ಅದು ಸರಿಯಾ?

ಸೋಲಿಹಲ್_ಕನ್ನಡಿಗ (ಇಂಗ್ಲೆಂಡ್)

ನನ್ನದೂ ಹಾಗೇ. ಡ್ರಮ್‌ನಿಂದ ಚಕ್ರದವರೆಗೆ ಎರಡು ಕ್ರಾಸ್, ಒಂದು ಜಾರುವ ಜಾಯಿಂಟ್, ಕ್ರೌನ್-ಪಿನಿಯನ್, ಆಕ್ಸೆಲ್ ಹಲ್ಲು, ಎಲ್ಲದರಲ್ಲೂ ಚೂರು ಚೂರು ಆಟ ಇರುತ್ತದೆ. ಎಲ್ಲ ಸೇರಿ ಆ ಟಕ್. ಸ್ವಲ್ಪ ಇದ್ದರೆ ಈ ಗಾಡಿಗಳ ಸ್ವಭಾವ. ಜಾಸ್ತಿ ಇದ್ದರೆ ಮೊದಲು ಕ್ರಾಸ್ ನೋಡಿ, ಅದೇ ಅಗ್ಗ. ಕಾಲಿನ ಬ್ರೇಕ್ ಒತ್ತಿಕೊಂಡೇ ಹಿಡಿ ಎಳೆದು, ಆಮೇಲೆ ಕಾಲನ್ನು ನಿಧಾನಕ್ಕೆ ಬಿಟ್ಟರೆ ಪೆಟ್ಟು ಕಡಿಮೆ.

ಮೈಸೂರು_ಮೈನರ್

ಆರ್‌ಸಿ ವಿಷಯ ಕೇಳಿದ್ದಿರಿ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ 5 ವರ್ಷಕ್ಕೊಮ್ಮೆ ರಿನ್ಯೂವಲ್, ಅದಕ್ಕೆ ಫಾರ್ಮ್ 25. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಎ ಸೀರೀಸ್ ನಂಬರ್ ಸಿಗುತ್ತದೆ, 10 ವರ್ಷದ ಮಾನ್ಯತೆ, ಹೊಸ ನೋಂದಣಿಗೆ ₹20,000. ನಿಮ್ಮ ಜೀಪಿನ ವಯಸ್ಸಿಗೆ ಆಗುತ್ತದೆ. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಕಾಫಿ ಮೂಟೆ ಹೊರುವ ಜೀಪಿಗೆ ಅದು ಬೇಡ, ಮಾಮೂಲಿ ರಿನ್ಯೂವಲ್ಲೇ ಮಾಡಿಸಿ.

ಹಾಸನ_ಸ್ಪ್ಯಾನರ್

ಇನ್ಸ್‌ಪೆಕ್ಟರ್ ಹಿಂದಿನ ಎರಡೂ ಚಕ್ರ ಎತ್ತಿಸಿ, ಹ್ಯಾಂಡ್ ಬ್ರೇಕ್ ಎಳೆಸಿ, ಒಂದು ಚಕ್ರ ಕೈಯಲ್ಲಿ ತಿರುಗಿಸಿದರೆ ಅದು ತಿರುಗುತ್ತದೆ, ಇನ್ನೊಂದು ಉಲ್ಟಾ ತಿರುಗುತ್ತದೆ. ಬ್ರೇಕ್ ಹಿಡಿದಿಲ್ಲ ಅಂತ ಬರೆದುಬಿಡುತ್ತಾರೆ. ಅದಕ್ಕೇ ಮೊದಲೇ ಕೆಳಗಿನ ಡ್ರಮ್ ತೋರಿಸಿ, ಏರಿನಲ್ಲಿ ನಿಲ್ಲಿಸಿ ತೋರಿಸುತ್ತೇನೆ ಅನ್ನಿ.

ತೋಟದ_ಜೀಪು (ಮೂಡಿಗೆರೆ ಕಡೆ)

ಹಾಗೇ ಮಾಡುತ್ತೇನೆ. ಹಳೇ ರಿಟರ್ನ್ ಸ್ಪ್ರಿಂಗ್ ಒಂದು ಸೆಟ್ ಉಳಿದಿದೆ, ಚೆನ್ನಾಗಿದೆ, ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ.